ಯಹೂದಿ ಶಾಲೆಯಲ್ಲಿ ಕನ್ನಡದ ಗಣಿತ ಟೀಚರ್

ಸಾಗರದ ಕಡೆಯ ನೆಂಟರಿಗೆ ನನ್ನ ಕೆಲಸದ ಬಗ್ಗೆ ಹೇಳಿದರೆ ಮೊದಲು ಬರುವ ಪ್ರಶ್ನೆ ಇದು: "ಅವರ ಧರ್ಮದ ಶಾಲೆ ಅಂತೀಯಲ್ಲೇ, ನಿನ್ನ ಹೆಂಗೆ ತಗಂಡ್ರು ಮಾರಾಯ್ತಿ?"

ಉತ್ತರ ಸುಲಭ. ನಮ್ಮಲ್ಲಿ ಪ್ರತಿ ತರಗತಿಗೂ ಇಬ್ಬರು ಟೀಚರ್. ಹೀಬ್ರೂ ಭಾಷೆ, ಯಹೂದಿಗಳ ಧರ್ಮಗ್ರಂಥ ತೋರಾ, ಪ್ರಾರ್ಥನೆ ಒಬ್ಬರದ್ದು. ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ಇನ್ನೊಬ್ಬರದ್ದು. ದಿನವನ್ನು ಹೆಚ್ಚುಕಡಿಮೆ ಅರ್ಧರ್ಧ ಹಂಚಿಕೊಳ್ಳುತ್ತೇವೆ. ಎರಡನೆಯವರು ಯಹೂದಿಗಳೇ ಆಗಿರಬೇಕು ಅಂತ ನಿಯಮವಿಲ್ಲ. ಐದನೇ ಕ್ಲಾಸಿನ ಆ ಎರಡನೆಯವಳು ನಾನು. ಕೋಲ್ಕತ್ತದಲ್ಲಿ ಇದರ ಉಲ್ಟಾ ಇದೆ. 1881ರಲ್ಲಿ ಶುರುವಾದ ಜ್ಯೂಯಿಷ್ ಗರ್ಲ್ಸ್ ಸ್ಕೂಲಿನಲ್ಲಿ ಈಗ ಓದುವವರು ಬಹುತೇಕ ಮುಸ್ಲಿಂ ಹುಡುಗಿಯರು. ಇದನ್ನು ಹೇಳಿದ ಮೇಲೆ ನೆಂಟರು ಸುಮ್ಮನಾಗುತ್ತಾರೆ.

ನಾನಿರುವುದು ನ್ಯೂಜೆರ್ಸಿಯ ಬರ್ಗನ್ ಕೌಂಟಿಯಲ್ಲಿ. ಹಡ್ಸನ್ ನದಿ ದಾಟಿದರೆ ಮ್ಯಾನ್‌ಹಟನ್. ಎಡಿಸನ್ ಕಡೆ ಹೋದರೆ ಎಲ್ಲಿ ನೋಡಿದರೂ ನಮ್ಮವರು. ಇಲ್ಲಿ ಟೀನೆಕ್ ಸುತ್ತಮುತ್ತ ಯಹೂದಿ ಕುಟುಂಬಗಳು ಜಾಸ್ತಿ. ಶನಿವಾರ ಅವರು ಕಾರು ಮುಟ್ಟುವುದಿಲ್ಲ. ಮಳೆಯಿರಲಿ, ಹಿಮ ಬೀಳಲಿ, ಮಕ್ಕಳನ್ನು ಕರೆದುಕೊಂಡು ತಮ್ಮ ಪ್ರಾರ್ಥನಾ ಮಂದಿರ ಸಿನಗಾಗ್‌ಗೆ ನಡೆದೇ ಹೋಗುತ್ತಾರೆ. ಸೋಮವಾರ ಅದೇ ಜನ ಆಸ್ಪತ್ರೆ, ಕೋರ್ಟು, ಬ್ಯಾಂಕುಗಳಿಗೆ ಕೆಲಸಕ್ಕೆ ಹೊರಡುತ್ತಾರೆ. ಮಾಡರ್ನ್ ಆರ್ಥೊಡಾಕ್ಸ್ ಅಂತ ಇವರನ್ನು ಕರೆಯುತ್ತಾರೆ. ಯಹೂದಿ ಶಾಲೆಗಳೆಲ್ಲ ಒಂದೇ ಥರ ಅಂದುಕೊಳ್ಳಬೇಡಿ. ನ್ಯೂಯಾರ್ಕಿನಲ್ಲಿ ಕಟ್ಟಾ ಸಂಪ್ರದಾಯದ ಹಸಿದಿಕ್ ಪಂಗಡದ ಕೆಲವು ಶಾಲೆಗಳಲ್ಲಿ ಗಂಡು ಮಕ್ಕಳಿಗೆ ಇಂಗ್ಲಿಷ್, ಗಣಿತ ಸರಿಯಾಗಿ ಸಿಗುತ್ತಿಲ್ಲ ಅಂತ ವರ್ಷಗಟ್ಟಲೆ ಜಗಳ ನಡೆದು, 2022ರಲ್ಲಿ ಅಲ್ಲಿನ ರಾಜ್ಯ ಸರ್ಕಾರ ಹೊಸ ನಿಯಮವನ್ನೇ ತರಬೇಕಾಯಿತು. ನಾನು ಹೇಳುತ್ತಿರುವುದು ಎರಡನ್ನೂ ಒಂದೇ ಸೂರಿನಡಿ ಕಲಿಸಬೇಕು ಅಂತ ಹಟ ಹಿಡಿದ ಶಾಲೆಗಳ ಬಗ್ಗೆ.

ಈ ಹಟಕ್ಕೆ ಕಾರಣವಿದೆ. ಕಳೆದ ಶತಮಾನದ ಶುರುವಿನಲ್ಲಿ ಇಲ್ಲಿಗೆ ಬಂದ ಯಹೂದಿಗಳ ಮಕ್ಕಳು ಹೆಚ್ಚಾಗಿ ಸರ್ಕಾರಿ ಶಾಲೆಗೇ ಹೋಗುತ್ತಿದ್ದರು. ಹೀಬ್ರೂ, ಧರ್ಮದ ಪಾಠ ಎಲ್ಲ ಸಂಜೆ ಹೊತ್ತು, ಇಲ್ಲವೇ ಭಾನುವಾರ. ಮಕ್ಕಳು ಸುಸ್ತಾಗಿ ಬಂದು ಕೂರುತ್ತಿದ್ದರು, ಹೊರಗೆ ಬೇಸ್‌ಬಾಲ್ ಕರೆಯುತ್ತಿತ್ತು. ಇದು ಸಾಲದು ಅನ್ನಿಸಿದವರು ಪೂರ್ತಿ ದಿನದ ಶಾಲೆ ಕಟ್ಟಿದರು. ಮ್ಯಾನ್‌ಹಟನ್ನಿನ ರಾಮಾಜ್, ಬಾಸ್ಟನ್ನಿನ ಮೈಮೊನಿಡೀಸ್ ಎರಡೂ 1937ರಲ್ಲಿ ಶುರುವಾದವು. ಎರಡನೇ ಮಹಾಯುದ್ಧ ಮುಗಿದ ಮೇಲಂತೂ ಇಂಥ ಶಾಲೆಗಳು ಅಮೆರಿಕದ ತುಂಬ ಎದ್ದವು.

ಸುಸ್ತಾದ ಮಕ್ಕಳು, ಭಾನುವಾರದ ಪಾಠ! ಇದನ್ನು ಕೇಳಿದರೆ ಇಲ್ಲಿನ ಕನ್ನಡ ಅಪ್ಪ ಅಮ್ಮಂದಿರಿಗೆ ನಗು ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ. ನನ್ನ ಮಗಳೂ ಭಾನುವಾರದ ಕನ್ನಡ ಶಾಲೆಗೆ ಹೋಗುತ್ತಾಳೆ. ಕಷ್ಟಪಟ್ಟು ಒತ್ತಕ್ಷರದವರೆಗೆ ಬರುತ್ತಾಳೆ. ಬೇಸಿಗೆ ರಜೆ ಬರುತ್ತದೆ. ಸೆಪ್ಟೆಂಬರಿನಲ್ಲಿ ಮತ್ತೆ ಕಾಗುಣಿತ.

ನಮ್ಮ ಶಾಲೆಯ ದಿನ ಎಂಟು ಗಂಟೆಗೆ ಪ್ರಾರ್ಥನೆಯಿಂದ ಶುರು. ಸಂಜೆ ನಾಲ್ಕಾದರೂ ಮುಗಿಯುವುದಿಲ್ಲ. ಶಿಶುವಿಹಾರದ ಮಕ್ಕಳಿಗೆ ಪ್ರತಿ ಶುಕ್ರವಾರ ಶಬ್ಬಾತ್ ಪಾರ್ಟಿ. ಶಬ್ಬಾತ್ ಅಂದರೆ ಶುಕ್ರವಾರ ಸಂಜೆ ಶುರುವಾಗುವ ಅವರ ವಾರದ ವಿಶ್ರಾಂತಿ ದಿನ. ಒಬ್ಬ ಹುಡುಗಿ ಆ ವಾರದ ಅಮ್ಮ, ಒಬ್ಬ ಹುಡುಗ ಆ ವಾರದ ಅಪ್ಪ. ಅಮ್ಮ ದೀಪ ಹಚ್ಚುವ ನಟನೆ ಮಾಡುತ್ತಾಳೆ. ಅಪ್ಪ ದ್ರಾಕ್ಷಿ ರಸದ ಲೋಟ ಹಿಡಿದು ಮಂತ್ರ ಹೇಳುತ್ತಾನೆ, ಅರ್ಧ ರಸ ಅಂಗಿಯ ಮೇಲೆ. ಜಡೆ ಹೆಣೆದ ಹಾಗಿರುವ ಖಲಾ ಬ್ರೆಡ್ಡನ್ನು ಎಲ್ಲರೂ ಹರಿದು ತಿನ್ನುತ್ತಾರೆ. ಒಂದನೇ ಕ್ಲಾಸಿಗೆ ಬಂದಾಗ ಪ್ರತಿ ಮಗುವಿಗೂ ಅದರದ್ದೇ ಪ್ರಾರ್ಥನೆ ಪುಸ್ತಕ ಸಿಗುತ್ತದೆ. ಅದಕ್ಕೆ ಹೊದಿಕೆ ಮಾಡುವುದು ಅಪ್ಪ ಅಮ್ಮನ ಕೆಲಸ. ಚಮಕಿ, ಬಟ್ಟೆಯ ಹೂವು, ಹೆಸರಿನ ಕಸೂತಿ ಎಲ್ಲ ಇರುತ್ತದೆ. ಆ ದಿನ ಅಜ್ಜ ಅಜ್ಜಿಯರು ಮುಂದಿನ ಸಾಲಿನಲ್ಲಿ ಕೂತು ಧಾರಾಳವಾಗಿ ಅಳುತ್ತಾರೆ.

ಗೋಡೆಯ ಮೇಲೆ ಬೈಬಲಿನ ಒಂದು ಮಾತು ಬರೆದಿದೆ. ಮಗುವಿಗೆ ಅದರ ದಾರಿಗೆ ತಕ್ಕಂತೆ ಕಲಿಸು ಅಂತ. ಗೋಡೆ ಬರಹ ಎಲ್ಲ ಶಾಲೆಯಲ್ಲೂ ಇರುತ್ತದೆ ಬಿಡಿ. ಆದರೆ ಇವರು ಅದನ್ನು ಲೆಕ್ಕಕ್ಕೂ ಇಳಿಸಿದ್ದಾರೆ. ಒಬ್ಬ ಮೇಷ್ಟ್ರಿಗೆ 25 ಮಕ್ಕಳು, 40 ಆದರೆ ಒಬ್ಬ ಸಹಾಯಕ ಬೇಕು, 50 ಆದರೆ ಇಬ್ಬರು ಮೇಷ್ಟ್ರು. ಇದು ಯಾವುದೋ ಶಿಕ್ಷಣ ಆಯೋಗದ ವರದಿ ಅಲ್ಲ, ಯಹೂದಿಗಳ ಹಳೆಯ ಧರ್ಮಶಾಸ್ತ್ರ ಗ್ರಂಥ ತಾಲ್ಮುದ್‌ನಲ್ಲಿರುವ ಮಾತು. ಊರೂರಿಗೂ ಮಕ್ಕಳ ಮೇಷ್ಟ್ರು ಇರಬೇಕು ಅಂತ ಕಟ್ಟಳೆ ಮಾಡಿದವನು ಯೆಹೋಷುವಾ ಬೆನ್ ಗಾಮ್ಲಾ ಎಂಬ ಪುರೋಹಿತ, ಒಂದನೇ ಶತಮಾನದಲ್ಲಿ. ನಮ್ಮ ಕ್ಲಾಸಿನಲ್ಲಿ 20 ಮಕ್ಕಳೂ ಇಲ್ಲ. ಕೂತಲ್ಲಿ ಕೂರಲಾಗದ ಹುಡುಗ ನಿಂತೇ ಲೆಕ್ಕ ಮಾಡುತ್ತಾನೆ. ಹೀಬ್ರೂ ಓದಲು ಒದ್ದಾಡುವ ಹುಡುಗಿ ಕೇಳಿಸಿಕೊಂಡು ಬಾಯಲ್ಲೇ ಉತ್ತರ ಹೇಳುತ್ತಾಳೆ. ಯಾರೂ ಅದನ್ನು ರಿಯಾಯಿತಿ ಅಂದುಕೊಳ್ಳುವುದಿಲ್ಲ.

ಐದು ವರ್ಷಕ್ಕೆ ತೋರಾ, ಹತ್ತು ವರ್ಷಕ್ಕೆ ಮಿಷ್ನಾ ಅಂತ ಅವರ ಹಳೆಯ ಲೆಕ್ಕ. ಮಿಷ್ನಾ ಅಂದರೆ ಸುಮಾರು ಕ್ರಿ.ಶ. 200ರಲ್ಲಿ ಒಟ್ಟು ಮಾಡಿದ ಕಟ್ಟಳೆಗಳ ಸಂಗ್ರಹ. ಐದನೇ ಕ್ಲಾಸಿನ ಮಕ್ಕಳಿಗೆ ದೇವರು, ಪಾಪ, ಪುಣ್ಯ ಅಂತ ಶುರು ಮಾಡುತ್ತಾರೆ ಅಂದುಕೊಂಡಿದ್ದೆ. ಶುರು ಮಾಡಿದ್ದು ದಾರಿಯಲ್ಲಿ ಬಿದ್ದ ದುಡ್ಡಿನಿಂದ!

ಚೆಲ್ಲಾಪಿಲ್ಲಿಯಾಗಿ ಬಿದ್ದ ನಾಣ್ಯ ಸಿಕ್ಕಿದವನಿಗೇ ಸೇರುತ್ತದೆ. ಚೀಲದಲ್ಲಿದ್ದರೆ ಸಾರಿ ಹೇಳಿ ಕಳಕೊಂಡವನನ್ನು ಹುಡುಕಬೇಕು. ಮೂರು ನಾಣ್ಯ ಒಂದರ ಮೇಲೊಂದು ಇದ್ದರೂ ಸಾರಬೇಕು. ಯಾಕೆ ಅಂತ ಮಕ್ಕಳು ಜೋಡಿ ಜೋಡಿಯಾಗಿ ಕೂತು ವಾದ ಮಾಡುತ್ತಾರೆ. ಜೋಡಿಯಲ್ಲಿ ಓದುವುದೇ ಇಲ್ಲಿನ ಪದ್ಧತಿ. ಅದಕ್ಕೆ ಖವ್ರೂತಾ ಅನ್ನುತ್ತಾರೆ. ಒಬ್ಬಳು ಹೇಳಿದಳು, ಜೋಡಿಸಿಟ್ಟ ನಾಣ್ಯ ಬಿದ್ದದ್ದಲ್ಲ, ಯಾರೋ ಇಟ್ಟದ್ದು, ಅದೇ ಅದರ ಗುರುತು. ಅವಳ ಜೊತೆಗಾರ ಒಪ್ಪಲಿಲ್ಲ. "ತಾನಾಗೇ ಹಾಗೆ ಬಿದ್ದಿರಬಾರದು ಅಂತ ಏನು?" ಕ್ಲಾಸು ಎರಡು ಭಾಗವಾಯಿತು. ಅಷ್ಟರಲ್ಲಿ ಧರ್ಮದ ಪಾಠ ಮಾಡುವ ಗುರು ರಬ್ಬಿಯವರ ಅವಧಿ ಮುಗಿದು ನನ್ನದು ಶುರುವಾಯಿತು. ಅವರು ಹೊರಗೆ ಹೋಗುತ್ತಾ, "ಇದು ಈಗ ನಿಮ್ಮ ಸಬ್ಜೆಕ್ಟು" ಅಂದರು.

ಆ ದಿನ ಭಿನ್ನರಾಶಿ ಬಿಟ್ಟೆವು. ಗುಂಪಿಗೆ ಮೂರು ಕ್ವಾರ್ಟರ್ ನಾಣ್ಯ ಕೊಟ್ಟೆ. ಬೆಂಚಿನ ಎತ್ತರದಿಂದ ಬೀಳಿಸಿ, ಬರೆದುಕೊಳ್ಳಿ ಅಂದೆ. ಸದ್ದಿಗೆ ಪಕ್ಕದ ಕ್ಲಾಸಿನವರು ಬಾಗಿಲಲ್ಲಿ ಬಂದು ನಿಂತರು. ಒಂದರ ಮೇಲೊಂದು ಮೂರು ನಾಣ್ಯ ಯಾರಿಗೂ ಬೀಳಲಿಲ್ಲ. "ಹಾಗಾದರೆ ಮಿಷ್ನಾ ಸರಿ" ಅಂದಳು ಮೊದಲಿನ ಹುಡುಗಿ. "ಇನ್ನೂ ಸಾವಿರ ಸಲ ಬೀಳಿಸಿ ನೋಡಬೇಕು" ಅಂದ ಅವನು. ಸಂಭವನೀಯತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಸಿಕ್ಕಿಲ್ಲ. ಧರ್ಮಗ್ರಂಥದ ಮಾತನ್ನು ಪರೀಕ್ಷೆಗೆ ಒಡ್ಡಿದರು ಅಂತ ಯಾರೂ ಮುಖ ಸಿಂಡರಿಸಲಿಲ್ಲ. ನಮ್ಮೂರಿನಲ್ಲಿ ಪಾಠದ ನಡುವೆ ಎದುರು ಪ್ರಶ್ನೆ ಕೇಳಿದರೆ "ಕೂತ್ಕೋ, ಅಧಿಕಪ್ರಸಂಗಿ" ಅನ್ನಿಸಿಕೊಂಡು ಬೆಳೆದವಳು ನಾನು. ಇಲ್ಲಿ ಕೇಳದೆ ಕೂತ ಮಗುವಿನ ಬಗ್ಗೆ ಪೇರೆಂಟ್ಸ್ ಮೀಟಿಂಗಿನಲ್ಲಿ ಚಿಂತೆ ಮಾಡುತ್ತಾರೆ.

ಎಲ್ಲ ಪ್ರಶ್ನೆಗೂ ಹೀಗೆ ಸಲೀಸಾಗಿ ಉತ್ತರ ಸಿಗುವುದಿಲ್ಲ. ಬೋರ್ಡಿನ ಒಂದು ಮೂಲೆಯಲ್ಲಿ 2025, ಇನ್ನೊಂದು ಮೂಲೆಯಲ್ಲಿ 5786 ಅಂತ ಬರೆದಿತ್ತು. ಎರಡನೆಯದು ಸೃಷ್ಟಿಯಿಂದ ಎಣಿಸಿದ ಅವರ ಇಸವಿ. ಹಾಗಾದರೆ ಡೈನೋಸಾರ್ ಯಾವಾಗ ಇತ್ತು? ಕೋಟ್ಯಂತರ ವರ್ಷದ ಲೆಕ್ಕವನ್ನು ನಾನು ಇದ್ದ ಹಾಗೆ ಹೇಳುತ್ತೇನೆ. ಸೃಷ್ಟಿಯ ಆರು ದಿನ ನಮ್ಮ 24 ಗಂಟೆಯ ದಿನಗಳಲ್ಲ ಅಂತ ರಬ್ಬಿಯವರು ವಿವರಿಸುತ್ತಾರೆ. ಕೆಲವು ಮಕ್ಕಳಿಗೆ ಸಮಾಧಾನ ಆಗುತ್ತದೆ, ಕೆಲವರಿಗೆ ಆಗುವುದಿಲ್ಲ.

ಪಂಚಾಂಗದ ವಿಷಯಕ್ಕೆ ಬಂದರೆ ನಾನೇ ಇಲ್ಲಿ ಪಂಡಿತೆ. ಅವರದ್ದೂ ಚಂದ್ರನ ತಿಂಗಳು. 19 ವರ್ಷದಲ್ಲಿ ಏಳು ಅಧಿಕ ಮಾಸ. ನಮ್ಮಲ್ಲಿ ಅಧಿಕ ಮಾಸ ಒಮ್ಮೆ ಚೈತ್ರ, ಒಮ್ಮೆ ಶ್ರಾವಣ ಅಂತ ಬದಲಾಗುತ್ತಿರುತ್ತದೆ, ಅವರದ್ದು ಯಾವಾಗಲೂ ಅದಾರ್ ಮಾತ್ರ. ಅವರ ಹೊಸ ವರ್ಷ ತಿಷ್ರೇ ತಿಂಗಳ ಮೊದಲ ದಿನ. ಹತ್ತನೇ ದಿನ ಯೋಮ್ ಕಿಪ್ಪೂರ್, ನೀರನ್ನೂ ಮುಟ್ಟದ ಉಪವಾಸ. ಅಧಿಕ ಮಾಸ ಅಡ್ಡ ಬಾರದ ವರ್ಷಗಳಲ್ಲಿ ಇದು ನಮ್ಮ ನವರಾತ್ರಿಯ ಜೊತೆಜೊತೆಗೇ ನಡೆಯುತ್ತದೆ. 2024ರಲ್ಲಿ ಹಾಗಾಯಿತು, 2025ರಲ್ಲೂ ಆಯಿತು. ಅಕ್ಟೋಬರ್ 2, ಗುರುವಾರ, ಅವರಿಗೆ ಯೋಮ್ ಕಿಪ್ಪೂರ್, ನಮಗೆ ವಿಜಯದಶಮಿ. ಅಮೆರಿಕದಲ್ಲಿ ಕೆಲಸ ಮಾಡುತ್ತಾ, ಕೇಳದೇ ದಸರಾ ರಜೆ ಪಡೆದವಳು ನಾನೊಬ್ಬಳೇ ಇರಬೇಕು! ಅವರ ಹೊಟ್ಟೆ ಖಾಲಿ, ನಮ್ಮ ಮನೆಯಲ್ಲಿ ಹೋಳಿಗೆ. 2026ರಲ್ಲಿ ನಮಗೆ ಅಧಿಕ ಜ್ಯೇಷ್ಠ ಇರುವುದರಿಂದ ಈ ಭಾಗ್ಯ ಇಲ್ಲ, ನವರಾತ್ರಿ ಒಂದು ತಿಂಗಳು ತಡವಾಗಿ ಬರುತ್ತದೆ.

ಯೋಮ್ ಕಿಪ್ಪೂರ್ ಆದಮೇಲೆ ಬರುವ ಹುಣ್ಣಿಮೆಗೆ ಸುಕ್ಕೋತ್. ಸುಗ್ಗಿಯ ಹಬ್ಬ. ಮಲೆನಾಡಿನಲ್ಲಿ ಗದ್ದೆಗೆ ಬುತ್ತಿ ಒಯ್ಯುವ ಭೂಮಿ ಹುಣ್ಣಿಮೆಯ ಹೊತ್ತು. ಇವರು ಅಂಗಳದಲ್ಲಿ ಚಪ್ಪರ ಹಾಕಿ ಅದರಡಿ ಊಟ ಮಾಡುತ್ತಾರೆ. ಹೊದಿಕೆ ನೆಲದಲ್ಲಿ ಬೆಳೆದದ್ದರದ್ದೇ ಆಗಿರಬೇಕು, ನೆರಳು ಜಾಸ್ತಿ ಇರಬೇಕು. ಶಾಲೆಯ ಚಪ್ಪರಕ್ಕೆ ಬಿದಿರಿನ ಚಾಪೆ ಹೊದಿಸುತ್ತಾರೆ. ನಮ್ಮೂರಿನಲ್ಲಿ ಇದಕ್ಕೆ ಅಡಿಕೆ ಸೋಗೆ ಹಾಕುತ್ತಾರೆ ಅಂತ ಫೋಟೊ ತೋರಿಸಿದೆ. ಮಕ್ಕಳು ಬಿಡಲಿಲ್ಲ. ಸೋಗೆ ನಡೆಯುತ್ತದೋ ಇಲ್ಲವೋ? ಅದು ಮರದಲ್ಲಿ ಬೆಳೆದದ್ದು, ಕಡಿದದ್ದು, ಪಾತ್ರೆ ಪರಡಿ ಅಲ್ಲ. ನಡೆಯುತ್ತದೆ ಅಂತ ತೀರ್ಮಾನವಾಯಿತು. ಸಾಗರದ ತೋಟದವರು ಗಮನಿಸಬಹುದು.

ಊಟದ ವಿಷಯ ಚುಟುಕಾಗಿ ಹೇಳುತ್ತೇನೆ. ಶಾಲೆಯೊಳಗೆ ಮಾಂಸ ಬರುವುದೇ ಇಲ್ಲ, ಹಾಲು ಮಾಂಸ ಬೆರೆಯಬಾರದು ಅನ್ನುವ ಕಟ್ಟಳೆಗೆ ಇದೇ ಸುಲಭದ ದಾರಿ. ಹಾಗಾಗಿ ನಾನು ನಿಶ್ಚಿಂತೆ. ಆದರೆ ನಮ್ಮ ಮನೆಯ ಅಡುಗೆ ಅವರ ಕಟ್ಟಳೆಯಂತೆ ಮಾಡಿದ್ದಲ್ಲ, ಅದಕ್ಕೆ ನನ್ನ ಚಿತ್ರಾನ್ನವನ್ನು ಅವರ ಮೈಕ್ರೋವೇವಿನಲ್ಲಿ ಬಿಸಿ ಮಾಡುವಂತಿಲ್ಲ. ತಣ್ಣಗಿದ್ದರೂ ಚಿತ್ರಾನ್ನ ಚೆನ್ನಾಗಿಯೇ ಇರುತ್ತದೆ, ಅಲ್ವಾ? ಇನ್ನೊಂದು, ಅಂಗಡಿಯ ಪೊಟ್ಟಣದ ಮೇಲೆ 'ಪಾರೆವ್' ಅಂತಿದ್ದರೆ ಹಾಲೂ ಇಲ್ಲ, ಮಾಂಸವೂ ಇಲ್ಲ ಅಂತ. ಮೊಟ್ಟೆ, ಮೀನು ಇರಬಹುದು. ಇಲ್ಲಿಗೆ ಬರುವ ಸಸ್ಯಾಹಾರಿಗಳು ಹುಷಾರು.

ಇಷ್ಟೆಲ್ಲ ಮೆಚ್ಚಿದ ಮೇಲೆ ಬೆಲೆಯನ್ನೂ ಹೇಳಬೇಕು. ಈ ಕಡೆಯ ಇಂಥ ಶಾಲೆಗಳಲ್ಲಿ ಒಂದು ಮಗುವಿಗೆ ವರ್ಷಕ್ಕೆ 20,000 ಡಾಲರ್ ದಾಟುತ್ತದೆ. ಅಂದರೆ 17 ಲಕ್ಷ ರೂಪಾಯಿಗೂ ಹೆಚ್ಚು. ಮೂರು ನಾಲ್ಕು ಮಕ್ಕಳಿರುವ ಮನೆಗಳೇ ಜಾಸ್ತಿ. ಪಕ್ಕದ ಬೀದಿಯ ಸರ್ಕಾರಿ ಶಾಲೆಗೆ ಫೀಸೇ ಇಲ್ಲ, ಅದಕ್ಕೂ ಇವರು ಮನೆ ತೆರಿಗೆ ಕಟ್ಟುತ್ತಲೇ ಇರುತ್ತಾರೆ. ಧಾರ್ಮಿಕ ಶಾಲೆಯ ಧರ್ಮದ ಪಾಠಕ್ಕೆ ಸರ್ಕಾರ ದುಡ್ಡು ಕೊಡುವುದಿಲ್ಲ. ಬಸ್ಸಿನ ಖರ್ಚು ಕೊಡಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1947ರಲ್ಲಿ, ಇದೇ ನ್ಯೂಜೆರ್ಸಿಯ ಒಂದು ಕೇಸಿನಲ್ಲಿ. ಫೀಸಿನ ಭಾರಕ್ಕೆ ಹೆದರಿ ಇನ್ನೊಂದು ಮಗು ಬೇಡ ಅಂದುಕೊಂಡವರನ್ನೂ ಕಂಡಿದ್ದೇನೆ.

ಗೇಟಿನಲ್ಲಿ ಬಂದೂಕು ಹಿಡಿದ ಕಾವಲುಗಾರ ಇರುತ್ತಾನೆ. 2018ರಲ್ಲಿ ಪಿಟ್ಸ್‌ಬರ್ಗಿನ ಸಿನಗಾಗಿನಲ್ಲಿ 11 ಜನರನ್ನು ಗುಂಡಿಟ್ಟು ಕೊಂದ ಮೇಲೆ ಇದು ಮಾಮೂಲಾಗಿದೆ. ಬಾಗಿಲು ಹಾಕಿ, ದೀಪ ಆರಿಸಿ, ಮೂಲೆಯಲ್ಲಿ ಸದ್ದಿಲ್ಲದೆ ಕೂರುವ ಅಭ್ಯಾಸವನ್ನು ಐದು ವರ್ಷದ ಮಕ್ಕಳೂ ಮಾಡುತ್ತಾರೆ. ಈ ಭಯ ಸುಳ್ಳಲ್ಲ. ಆದರೆ ಗೋಡೆ ಎತ್ತರವಾದಷ್ಟೂ ಮಕ್ಕಳ ಲೋಕ ಚಿಕ್ಕದಾಗುತ್ತದೆ. ನನ್ನ ಕ್ಲಾಸಿನ ಅನೇಕರಿಗೆ ಯಹೂದಿಯಲ್ಲದ ಹತ್ತಿರದ ಗೆಳೆಯರೇ ಇಲ್ಲ. ದೀಪಾವಳಿಗೆ ನಾನು ತಂದ ಹಣತೆಯೇ ಹಲವರು ಮೊದಲು ನೋಡಿದ ಬೇರೆ ಧರ್ಮದ ವಸ್ತು. ಇಸ್ರೇಲ್ ಇಲ್ಲಿ ಹಾಡು, ನಕ್ಷೆ, ಬಾವುಟಗಳಲ್ಲಿ ದಿನವೂ ಇರುತ್ತದೆ. 2023ರ ಅಕ್ಟೋಬರಿನ ಹಮಾಸ್ ದಾಳಿಯ ನಂತರ ಶೋಕವೂ ಸೇರಿತು. ಗಾಜಾದ ಮಕ್ಕಳಿಗೆ ಏನಾಗುತ್ತಿದೆ ಅಂತ ಒಬ್ಬ ಹುಡುಗ ಕೇಳಿದಾಗ ದೊಡ್ಡವರು ತಡವರಿಸಿದರು. ಬಿದ್ದ ನಾಣ್ಯದ ಬಗ್ಗೆ ವಾರಗಟ್ಟಲೆ ವಾದ ಮಾಡಬಲ್ಲ ಶಾಲೆಯಲ್ಲಿ ಆ ಪ್ರಶ್ನೆ ಬೇಗ ಮುಗಿದುಹೋಯಿತು. ನನಗೆ ಅದು ಸರಿ ಕಾಣಲಿಲ್ಲ.

ಕನ್ನಡಿಗರು ಇಲ್ಲಿ ಪೂರ್ತಿ ದಿನದ ಶಾಲೆ ಕಟ್ಟಬೇಕು ಅಂತ ನಾನೇನೂ ಹೇಳುವುದಿಲ್ಲ. ಅಷ್ಟು ದುಡ್ಡೂ ಇಲ್ಲ, ಅಷ್ಟು ಎತ್ತರದ ಗೋಡೆ ನನಗೆ ಬೇಡವೂ ಬೇಡ. ಆದರೆ ಒಂದು ದಿನ ನನ್ನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು, "ನಿಮ್ಮ ಮಗಳು ನಿಮ್ಮ ಭಾಷೆಯಲ್ಲಿ ಜಗಳ ಆಡ್ತಾಳಾ?" ಇಲ್ಲ ಅಂದೆ. ಕನ್ನಡದಲ್ಲಿ ಊಟ ಕೇಳುತ್ತಾಳೆ, ಅಜ್ಜಿಗೆ ನಮಸ್ಕಾರ ಹೇಳುತ್ತಾಳೆ. ಜಗಳ ಇಂಗ್ಲಿಷಿನಲ್ಲೇ.

ಭಾನುವಾರದ ಕನ್ನಡ ಶಾಲೆಯಲ್ಲಿ ಕೊನೆಯ ಕಾಲು ಗಂಟೆ ನನಗೆ ಕೊಡಿ ಅಂತ ಕೇಳಿಕೊಂಡೆ. ದೊಡ್ಡ ಮಕ್ಕಳ ಗುಂಪಿನ ಮುಂದೆ ಅದೇ ನಾಣ್ಯದ ಪ್ರಶ್ನೆ ಇಟ್ಟೆ. ಒಂದೇ ಷರತ್ತು, ವಾದ ಕನ್ನಡದಲ್ಲಿ. ಮೊದಲು ಎಲ್ಲರೂ ನೆಲ ನೋಡಿದರು. ಆಮೇಲೆ ಒಬ್ಬ, "ಅದು ನಂದು, ನಾನು ಫಸ್ಟ್ ನೋಡಿದೆ" ಅಂದ. "ನೋಡಿದ್ರೆ ನಿಂದಾಗಲ್ಲ, ತಗೋಬೇಕು!" ಅಂತ ನನ್ನ ಮಗಳು ಎಗರಿದಳು. ವಿಭಕ್ತಿ ಎಲ್ಲ ತಪ್ಪು, ಅರ್ಧ ಇಂಗ್ಲಿಷ್. ಆದರೂ ಒಬ್ಬರಿಗೊಬ್ಬರು ಕನ್ನಡದಲ್ಲಿ ಕೂಗಾಡಿದರು. ಒಬ್ಬರು ಅಪ್ಪ ಬಂದು, "ಮೇಡಂ, ಒತ್ತಕ್ಷರ ಕಲಿಸೋದು ಬಿಟ್ಟು ಜಗಳ ಕಲಿಸ್ತೀರಲ್ಲ, ಪರೀಕ್ಷೆಗೆ ಇದು ಬರುತ್ತಾ?" ಅಂದರು. ಬರುವುದಿಲ್ಲ ಅಂದೆ.

ಮುಂದಿನ ವಾರದ ಪ್ರಶ್ನೆ ಮಕ್ಕಳೇ ತಂದರು. ಬೇಸಿಗೆಯಲ್ಲಿ ಶಿವಮೊಗ್ಗಕ್ಕೆ ಹೋಗಿಬಂದ ಹುಡುಗನದ್ದು: ಕಿಟಕಿಯಿಂದ ಕೈ ಹಾಕಿ ಬಸ್ಸಿನ ಸೀಟಿನ ಮೇಲೆ ಕರ್ಚೀಫ್ ಎಸೆದರೆ ಸೀಟು ಯಾರದ್ದು? ಎಸೆದವನದ್ದೋ, ಬಾಗಿಲಿಂದ ಹತ್ತಿ ಬಂದು ಕೂತವನದ್ದೋ? ಸೋಮವಾರ ಇದನ್ನು ರಬ್ಬಿಯವರ ಮುಂದಿಟ್ಟೆ. ಬಿದ್ದ ವಸ್ತುವಿನ ಮೇಲೆ ದಬಕ್ಕನೆ ಮಲಗಿದವನಿಗಲ್ಲ, ಕೈಯಲ್ಲಿ ಹಿಡಿದವನಿಗೆ ಅದು ಸೇರುತ್ತದೆ ಅಂತ ಮಿಷ್ನಾದಲ್ಲೇ ಇದೆಯಂತೆ. ಆದರೂ ಅವರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು ಕೇಳಿದರು, "ಕರ್ಚೀಫ್ ಮೇಲೆ ಗುರುತು ಏನಾದರೂ ಇತ್ತಾ?"