"ಅಲ್ಲಿ ಬರೀ ಮಳೆ ಅಲ್ವಾ, ಆ ಗಾಡೀಲಿ ಕೂತು ಏನ್ ಮಾಡ್ತೀರಿ?"

ರಿಟೈರ್ ಆದ್ಮೇಲೆ ನಾವಿಬ್ರೂ ಮೋಟರ್‌ಹೋಮ್, ಅಂದ್ರೆ ಒಳಗೇ ಮಂಚ, ಅಡುಗೆ ಜಾಗ ಇರೋ ಗಾಡಿ, ಬಾಡಿಗೆಗೆ ತಗೊಂಡು ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಸುತ್ತಿ ಬಂದಾಗಿಂದ ನೆಂಟರು, ಹಳೇ ಆಫೀಸಿನವರು, ವಾಕಿಂಗ್ ಗೆಳತಿಯರು ಎಲ್ಲರದ್ದೂ ಒಂದೇ ಪ್ರಶ್ನೆ. ಅಲ್ಲಿ ಸದಾ ಮಳೆಯಂತಲ್ಲ, ಈ ವಯಸ್ಸಲ್ಲಿ ಆ ಡಬ್ಬದೊಳಗೆ ಕೂತು ಏನ್ ಮಾಡ್ತೀರಿ, ನೆಟ್ಟಗೆ ಹೋಟೆಲ್ ಬುಕ್ ಮಾಡ್ಕೊಂಡು ಹೋಗ್ಬಾರ್ದಾ ಅಂತ.

ಏನೂ ಮಾಡಲ್ಲ. ಅದೇ ಅದರ ಸುಖ.

ಹೋಟೆಲ್ ಆದ್ರೆ ಬೆಳಗ್ಗೆ ರೂಮ್ ಖಾಲಿ ಮಾಡ್ಬೇಕು, ಮುಂದಿನ ರೂಮ್ ಇನ್ನೆಲ್ಲೋ ನೂರು ಮೈಲಿ ಆಚೆ, ಮಳೆ ಹುಯ್ಯಲಿ ಬಿಡಲಿ ಹೊರಡಲೇಬೇಕು. ನಮಗೆ ಹಂಗಲ್ಲ. ಬೆಳಗ್ಗೆ ಪರದೆ ಸರಿಸಿ ನೋಡೋದು, ಬೆಟ್ಟ ಕಾಣಿಸ್ಲಿಲ್ವಾ, ಪರದೆ ಎಳೆದು ಇನ್ನೊಂದ್ ಗಂಟೆ ಮಲಗೋದು. ಜೂನ್‌ನಲ್ಲಿ ಅಲ್ಲಿ ರಾತ್ರಿ 10 ಗಂಟೆಗೂ ಬೆಳಕಿರುತ್ತೆ, ಹಾಗಾಗಿ ಮಧ್ಯಾಹ್ನ ನಾಲ್ಕರವರೆಗೂ ಮಳೆ ಹೊಡೆದ್ರೂ ಕೈಯಲ್ಲಿ ಆರು ಗಂಟೆ ಉಳಿದಿರುತ್ತೆ, ಇದನ್ನ ಅರ್ಥ ಮಾಡ್ಕೊಳ್ಳೋಕೆ ನಮಗೇ ಒಂದ್ ವಾರ ಬೇಕಾಯ್ತು. ಇನ್‌ವರ್ನೆಸ್‌ನಿಂದ ಹೊರಟು ಉತ್ತರದ ಕರಾವಳಿ ಸುತ್ತಿ ಮತ್ತೆ ಇನ್‌ವರ್ನೆಸ್‌ಗೇ ಬರೋ 516 ಮೈಲಿ ರೂಟ್ ಇದೆ, ನಾರ್ತ್ ಕೋಸ್ಟ್ 500 ಅಂತ, 2015ರಲ್ಲಿ ಶುರು ಮಾಡಿದ್ದು. ಅದನ್ನ ಒಂದೇ ವಾರದಲ್ಲಿ ಮುಗಿಸೋರು ಇದ್ದಾರೆ. ನಾವು 19 ದಿನ ತಗೊಂಡೂ ಮುಗಿಸ್ಲಿಲ್ಲ.

ಇನ್ನೊಂದು, ಮಳೆ ಅಂತ ಒಂದೇ ಪದದಲ್ಲಿ ಹೇಳಿದ್ರೆ ಆಗಲ್ಲ. ನಮ್ಮಲ್ಲಿ ತುಂತುರು, ಸೋನೆ, ಜಡಿಮಳೆ ಅಂತ ಬೇರೆ ಬೇರೆ ಇರೋ ಹಾಗೆ ಅವರಲ್ಲೂ ಇದೆ, ಸೋನೆಗೆ 'ಸ್ಮಿರ್' ಅಂತಾರೆ, ಮೋಡ ಮುಚ್ಚಿ ಥಂಡಿ ಹಿಡಿದು ಮನಸ್ಸೂ ಮಂಕಾಗೋ ದಿನಕ್ಕೆ 'ಡ್ರೀಖ್' ಅಂತಾರೆ. ಅಟ್ಲಾಂಟಿಕ್‌ನಿಂದ ಬರೋ ಗಾಳಿ ಪಶ್ಚಿಮದ ಬೆಟ್ಟಗಳಿಗೆ ಬಡಿದು ಇರೋ ನೀರನ್ನೆಲ್ಲ ಅಲ್ಲೇ ಸುರಿಯುತ್ತೆ, ಅಲ್ಲಿ ಕೆಲವು ಕಡೆ ವರ್ಷಕ್ಕೆ 3000 ಮಿಲಿಮೀಟರ್ ದಾಟುತ್ತೆ, ಪೂರ್ವದ ಮೋರೆ ಫರ್ತ್ ಕೊಲ್ಲಿ ತೀರದಲ್ಲಿ 1000 ಕೂಡ ಆಗಲ್ಲ. ತೀರಾ ಬೇಜಾರಾದ್ರೆ ಗಾಡಿ ತಿರುಗಿಸ್ಕೊಂಡು ಪೂರ್ವಕ್ಕೆ ಹೋದ್ರಾಯ್ತು, ಪಶ್ಚಿಮ ತೀರದ ಉಲ್ಲಾಪೂಲ್‌ನಿಂದ ಇನ್‌ವರ್ನೆಸ್‌ಗೆ ಒಂದೂವರೆ ಗಂಟೆ ದಾರಿ ಅಷ್ಟೇ. ಮನೆ ಹೆಂಗಿದ್ರೂ ಜೊತೇಲೇ ಬರುತ್ತೆ.

ಭಯ ಪಡ್ಬೇಕಾದ್ದು ಗಾಳಿಗೆ. ಇದನ್ನ ಯಾರೂ ಕೇಳಲ್ಲ ನೋಡಿ. ನಮ್ಮ ಗಾಡಿ ಏಳು ಮೀಟರ್ ಉದ್ದ, ಮೂರು ಮೀಟರ್ ಎತ್ತರ, ಪಕ್ಕದಿಂದ ಗಾಳಿ ಬಿದ್ರೆ ಅದು ಒಂದು ಗೋಡೆ ಇದ್ದಂಗೆ. ಗಾಳಿ ಜೋರಿದ್ರೆ ಸ್ಕೈ ದ್ವೀಪದ ಸೇತುವೆ ಮೇಲೆ ಎತ್ತರದ ಗಾಡಿಗಳನ್ನ ಬಿಡೋದೇ ಇಲ್ಲ. ಉತ್ತರ ತೀರದ ಡರ್ನೆಸ್‌ನಲ್ಲಿ ಸಮುದ್ರದ ಅಂಚಿಗೇ ನಿಲ್ಲಿಸಿದ್ವಿ, ಸೀನರಿ ಆಸೆಗೆ. ರಾತ್ರಿ ಒಂದೂವರೆಗೆ ಎಚ್ಚರ ಆದ್ರೆ ಸಿಂಕಿನಲ್ಲಿದ್ದ ಸ್ಪೂನ್ ಟಣ್ ಟಣ್ ಅಂತಿದೆ, ರೂಫ್‌ಲೈಟು ಅಂತ ಚಾವಣಿಯಲ್ಲಿರೋ ಕಿಟಕಿ ಹಲ್ಲು ಕಡಿದಂಗೆ ಕಟಕಟ, ಮಂಚ ತೊಟ್ಟಿಲ ಥರ ತೂಗ್ತಿದೆ. ನಮ್ಮನೆಯವರು ನೈಟ್ ಡ್ರೆಸ್ ಮೇಲೇ ರೇನ್‌ಕೋಟ್ ಹಾಕ್ಕೊಂಡು ಇಳಿಯೋಕೆ ಹೋದ್ರು, ಬಾಗಿಲು ಕೈಯಿಂದ ಕಿತ್ಕೊಂಡು ಹೋಗಿ ಗಾಡಿಗೆ ಬಡೀತು. ಪುಣ್ಯಕ್ಕೆ ಕೀಲು ಉಳೀತು. ಆಮೇಲೆ ಗಾಡಿ ಮೂತಿನ ಗಾಳಿಗೆ ಎದುರಾಗಿ ತಿರುಗಿಸಿ ನಿಲ್ಲಿಸಿದ್ವಿ, ತೂಗಾಟ ಅರ್ಧಕ್ಕರ್ಧ ಇಳೀತು. ಸಂಜೇನೇ ಮಾಡ್ಬೇಕಿತ್ತು ಅಂದೆ. ಅವರು ಮಾತಾಡ್ಲಿಲ್ಲ.

ಅಪಲ್‌ಕ್ರಾಸ್‌ಗೆ ಹೋಗೋ ಬಿಯಲಾಖ್ ನ ಬಾ ಅನ್ನೋ ಕಣಿವೆ ದಾರಿ 626 ಮೀಟರ್ ಎತ್ತರಕ್ಕೆ ಹೇರ್‌ಪಿನ್ ತಿರುವುಗಳಲ್ಲಿ ಹತ್ತುತ್ತೆ, ದೊಡ್ಡ ಗಾಡಿಯವರಿಗೆ ಬೇಡ ಅಂತ ಕೆಳಗಡೇನೇ ಬೋರ್ಡ್ ಇದೆ. ಇವರಿಗೆ ಹತ್ತೋ ಉಮೇದು, ನಾನು ಬೋರ್ಡ್ ತೋರಿಸಿ ಬಾಯ್ಮುಚ್ಚಿಸಿದೆ, ಶೀಲ್ಡೇಗ್ ಕಡೆಯಿಂದ ಕರಾವಳಿ ರಸ್ತೇಲಿ ಹೋದ್ವಿ. ಅದೂ ಒಂದೇ ಗಾಡಿ ಹಿಡಿಸೋ ರಸ್ತೆ. ಮಧ್ಯೆ ಮಧ್ಯೆ ಪಾಸಿಂಗ್ ಪ್ಲೇಸ್ ಅಂತ ಅಗಲದ ಜಾಗ ಮಾಡಿರ್ತಾರೆ, ಎದುರಿಗೆ ಬರೋರಿಗೆ ಮಾತ್ರ ಅಲ್ಲ, ಹಿಂದೆ ಅರ್ಜೆಂಟಲ್ಲಿ ಇರೋರಿಗೂ ಅಲ್ಲಿ ದಾರಿ ಬಿಡ್ಬೇಕು, ಫೋಟೋಗೆ ಅಂತ ಅಲ್ಲಿ ಗಾಡಿ ನಿಲ್ಲಿಸಿ ಇಳಿದ್ರೆ ಊರಿನವರಿಗೆ ಕೆಟ್ಟ ಸಿಟ್ಟು ಬರುತ್ತೆ, ಸರೀನೇ. ಹಂಗೇ 2003ರ ಸ್ಕಾಟ್ಲೆಂಡಿನ ಭೂಸುಧಾರಣಾ ಕಾಯ್ದೆ ಪ್ರಕಾರ ಎಲ್ಲಿ ಬೇಕಾದ್ರೂ ಉಳ್ಕೋಬಹುದು ಅಂತ ಕೆಲವರು ಹೇಳ್ತಾರೆ, ಆ ಹಕ್ಕು ಕಾಲ್ನಡಿಗೆ, ಸೈಕಲ್, ಟೆಂಟ್‌ನವರಿಗೆ. ಮೋಟರ್ ಗಾಡಿಗಿಲ್ಲ. ನಾವು ಕ್ಯಾಂಪ್ ಸೈಟ್‌ಗಳಲ್ಲೇ ಉಳಿದಿದ್ದು, ಟಾಯ್ಲೆಟ್ ಡಬ್ಬ ಖಾಲಿ ಮಾಡೋಕೂ ಅದೇ ವಾಸಿ. (ಆ ಕೆಲಸ ಯಾರದ್ದು ಅಂತಾನೂ ಕೇಳ್ತಾರೆ. ಅವರದ್ದು. ಅಡುಗೆ ನಂದು.)

ಒಳಗಿನ ಕಷ್ಟ ಅಂದ್ರೆ ಒದ್ದೆ. ಎರಡು ಜಾಕೆಟ್ ನೆನೆದ್ರೆ ಸಾಕು, ಶವರ್ ಜಾಗದಲ್ಲಿ ನೇತು ಹಾಕ್ಬೇಕು, ಕಿಟಕಿಗಳೆಲ್ಲ ಒಳಗಿಂದ ಬೆವರುತ್ವೆ, ಚಳಿಯಾದ್ರೂ ರೂಫ್‌ಲೈಟ್ ಬೆರಳಷ್ಟು ತೆರೆದಿಡ್ಬೇಕು. ಇಬ್ರಿಗೂ ಒಂದೇ ಸಲ ಎದ್ದು ನಿಲ್ಲೋ ಜಾಗ ಇಲ್ಲ, ಜಗಳ ಆದ್ರೆ ಎದ್ದು ಹೋಗೋಕೆ ಇನ್ನೊಂದು ರೂಮಿಲ್ಲ. ಮೂವತ್ತಾರು ವರ್ಷದ ಸಂಸಾರ, ನಡೀತು.

ಕಿನ್‌ಲಾಖ್‌ಯೂ ಅನ್ನೋ ಹಳ್ಳೀಲಿ ಮೂರು ದಿನ ಇದ್ವಿ, ಮೂರೂ ದಿನ ಡ್ರೀಖ್. ಪಕ್ಕದ ಸಾಲಲ್ಲಿದ್ದವರು ಎರಡನೇ ದಿನ ಬೆಳಗ್ಗೇನೇ ಹೊರಟು ಹೋದ್ರು, ಮುಂದೆ ಬುಕಿಂಗ್ ಇದೆಯಂತೆ. ನಾವು ಇಸ್ಪೀಟು ಆಡಿದ್ವಿ, ಇವರು 14 ರೌಂಡು ಸೋತ್ರು. ಮೂರನೇ ಸಂಜೆ ಏಳೂವರೆಗೆ ಗಾಳಿ ಸಡನ್ನಾಗಿ ನಿಂತ್ಹೋಯ್ತು, ನಾನು ಟೀ ಸೋಸ್ತಿದ್ದೆ, "ಏ ಬಾ ಇಲ್ಲಿ, ಹಿಮ!" ಅಂತ ಹೊರಗಿಂದ ಕೂಗಿದ್ರು. ಮೋಡ ಎದ್ದಿತ್ತು. ಮೂರು ದಿನದಿಂದ ನಮ್ಮ ತಲೆ ಮೇಲೇ ಬಿನ್ ಏಯ ಬೆಟ್ಟ ನಿಂತಿತ್ತು, 1010 ಮೀಟರ್, ತುದಿಯೆಲ್ಲ ಬೆಳ್ಳಗೆ. ಹಿಮ ಅಲ್ಲ ಅದು, ಕ್ವಾರ್ಟ್ಸೈಟ್ ಕಲ್ಲು, ಒದ್ದೆಯಾಗಿ ಬಿಸಿಲಿಗೆ ಹೊಳೀತಿತ್ತು. ಟೀ ಹಿಡ್ಕೊಂಡು ಹೊರಗೆ ಎರಡು ನಿಮಿಷ ನಿಂತಿರಬಹುದು. ಗಾಳಿ ನಿಂತ್ರೆ ಅಲ್ಲಿ ಮಿಜ್ ಏಳುತ್ವೆ, ನೊರಜಿಗಿಂತ ಸಣ್ಣವು, ಕಚ್ಚುತ್ವೆ, ಕಿವಿ ಮೂಗು ಏನೂ ಬಿಡಲ್ಲ. ಇಬ್ರೂ ಒಳಗೆ ಓಡಿ ಬಾಗಿಲು ಹಾಕ್ಕೊಂಡು, ಬೆವರಿದ ಕಿಟಕಿನ ತೋಳಲ್ಲಿ ಒರೆಸಿ ಒರೆಸಿ, ಹತ್ತು ಗಂಟೆವರೆಗೂ ಆ ಬೆಟ್ಟಾನೇ ನೋಡಿದ್ವಿ.