ಮಲಯಾಳ ಎಲ್ಲಿ ಕಲಿತೆ ಅಂತ ಕೇಳುವವರಿಗೆ

"ಕಾಸರಗೋಡು ಕಡೆಯ ಬದಿಯಡ್ಕದವಳು, ಹತ್ತರ ತನಕ ಕನ್ನಡ ಮೀಡಿಯಂ ಅಂತೀರಿ. ಮತ್ತೆ ಇಷ್ಟು ಸಲೀಸಾಗಿ ಮಲಯಾಳ ಎಲ್ಲಿ ಕಲಿತದ್ದು?" ಮಂಗಳೂರಿಗೆ ಬಂದ ಮೇಲೆ ಇದನ್ನು ಕೇಳದವರಿಲ್ಲ. ಸಿನಿಮಾ ನೋಡಿ ಅಂತ ಹೇಳಿ ಜಾರಿಕೊಳ್ಳುತ್ತಿದ್ದೆ. ನಿಜವಾಗಿ ಕಲಿತದ್ದು ಕಾಸರಗೋಡಿನ ಒಂದು ಜವಳಿ ಅಂಗಡಿಯಲ್ಲಿ, ನಿಂತುಕೊಂಡು.

2008. ಪ್ಲಸ್ ಟೂ ಮುಗಿದಿತ್ತು. ಅಪ್ಪನ ಅಡಿಕೆ ಸುಲಿಯುವ ಕೂಲಿಯಲ್ಲಿ ಕಾಲೇಜಿನ ಮಾತೇ ಇಲ್ಲ. ತಿಂಗಳಿಗೆ 2,500 ರೂಪಾಯಿಗೆ ಸೀರೆ ಸೆಕ್ಷನ್ನಿಗೆ ಸೇರಿದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮಲಯಾಳ ಕೇಳಿದರೆ ಅರ್ಧ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಮೊದಲ ದಿನ ಮಧ್ಯಾಹ್ನ ಬಂಡಲಿನ ಮೇಲೆ ಕೂತಿದ್ದೆ. ಸೂಪರ್‌ವೈಸರ್ ಬಂದು "ಇವಿಡೆ ಇರಿಕ್ಕರುತ್" ಅಂದರು. ಇಲ್ಲಿ ಇರಬಾರದು ಅಂದರೆ ಕೆಲಸ ಹೋಯಿತು ಅಂತಲೇ ಎದೆ ಧಸಕ್ಕೆಂದಿತು. ಅವರು ಹೇಳಿದ್ದು, ಇಲ್ಲಿ ಕೂರಬಾರದು.

ಎರಡನೆಯ ಪಾಠಕ್ಕೆ ಮಾನ ಹೋಯಿತು. ಅಗಲ ಜರಿಪಟ್ಟಿಯ ಸೀರೆ ಬಿಡಿಸಿ ಗಿರಾಕಿಗೆ ಹೆಮ್ಮೆಯಿಂದ "ವಲಿಯ ಪಟ್ಟಿ ಉಂಡ್" ಅಂದೆ. ಮಲಯಾಳದಲ್ಲಿ ವಲಿಯ ಅಂದರೆ ದೊಡ್ಡ, ಪಟ್ಟಿ ಅಂದರೆ ನಾಯಿ. ಆ ಅಮ್ಮ ಹಿಂದೆ ತಿರುಗಿ ನೋಡಿದರು. ಪಕ್ಕದ ಕೌಂಟರಿನ ಚೇಚಿ (ಅಕ್ಕ) ನಕ್ಕು ನಕ್ಕು ಸಾಕಾಗಿ, ಸೀರೆಯ ಅಂಚಿಗೆ 'ಕರ' ಅನ್ನಬೇಕು ಅಂತ ಹೇಳಿಕೊಟ್ಟರು.

ಮದುವೆ ಸೀಸನ್ನಿನಲ್ಲಿ ಒಂದು ಮನೆಯವರು ಬಂದರೆ ನಲವತ್ತು ಸೀರೆ ಇಳಿಸಬೇಕು. ಎಲ್ಲ ನೋಡಿ, "ಮಂಗಳೂರಲ್ಲೂ ಒಮ್ಮೆ ನೋಡ್ತೇವೆ" ಅಂತ ಎದ್ದು ಹೋಗುತ್ತಾರೆ. ಆಮೇಲೆ ಒಂದೊಂದರ ತುದಿಯನ್ನೂ ಗಲ್ಲದಡಿ ಒತ್ತಿ ಹಿಡಿದು, ಕೈ ಅಗಲಿಸಿ, ಹಳೆಯ ಮಡಿಕೆಯ ಗೆರೆಗೇ ಮಡಚಬೇಕು. ಗೆರೆ ತಪ್ಪಿದರೆ ಹೊಸ ಸೀರೆ ಉಟ್ಟು ಬಿಟ್ಟದ್ದರ ಹಾಗೆ ಕಾಣುತ್ತದೆ. ಸಂಜೆಗೆ ಪಾದ ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ಟಾಯ್ಲೆಟ್ಟಿಗೆ ಕೇಳಿಕೊಂಡು ಹೋಗಬೇಕು, ಹಾಗಾಗಿ ನೀರು ಕುಡಿಯುವುದನ್ನೇ ಕಮ್ಮಿ ಮಾಡಿದ್ದೆವು. ನನ್ನ ಕನ್ನಡ ಗುರುತಿಸಿದ ಊರಿನವರದ್ದು ಬೇರೆಯೇ ಉಪದ್ರ: "ನಮ್ಮ ಕಡೆಯ ಹುಡುಗಿ ಅಲ್ವಾ, ನೂರು ಬಿಡು ಮಾರಾಯ್ತಿ." ಬಿಡಲಿಕ್ಕೆ ಅಂಗಡಿ ನನ್ನ ಅಜ್ಜನದ್ದಾ!

ಎರಡು ವರ್ಷ ನಿಂತೆ.

ಬಿಟ್ಟು ಬಹಳ ಕಾಲವಾದ ಮೇಲೆ, 2018ರಲ್ಲಿ, ಕೇರಳ ಸರ್ಕಾರ ಅಂಗಡಿಗಳ ಕಾನೂನಿಗೆ ತಿದ್ದುಪಡಿ ತಂದು ಕೆಲಸದವರಿಗೆ ಕೂರುವ ವ್ಯವಸ್ಥೆ ಮಾಡಲೇಬೇಕು ಅಂದಿತು. ಅದಕ್ಕಾಗಿ ಬೀದಿಗಿಳಿದವರು ಕಲ್ಲಿಕೋಟೆಯ ಮಿಠಾಯಿ ತೆರು ಎಂಬ ಬೀದಿಯ ಅಂಗಡಿ ಹೆಂಗಸರು. ಟೈಲರ್ ಆಗಿದ್ದ ಪಿ. ವಿಜಿ ಅವರ 'ಪೆಣ್‌ಕೂಟ್ಟ್' ಎಂಬ ಹೆಂಗಸರ ಸಂಘಟನೆ ಮೊದಲು ಹೋರಾಡಿದ್ದು ಶೌಚಾಲಯಕ್ಕೆ, ಆಮೇಲೆ ಕೂರುವುದಕ್ಕೆ. ಸುದ್ದಿಯನ್ನು ಮಲಯಾಳ ಪೇಪರಿನಲ್ಲಿ ಅಕ್ಷರ ಕೂಡಿಸಿ ಓದಿದೆ: 'ಇರಿಕ್ಕಾನುಳ್ಳ ಅವಕಾಶಂ'. ಪರವಾಗಿಲ್ಲ, ಕೂರಲು ಒಂದು ಅವಕಾಶ ಕೊಟ್ಟಿದ್ದಾರೆ ಅಂದುಕೊಂಡೆ. ಚೇಚಿಗೆ ಫೋನ್ ಮಾಡಿದಾಗ ತಿದ್ದಿದರು: ಮಲಯಾಳದಲ್ಲಿ ಅವಕಾಶಂ ಅಂದರೆ ಹಕ್ಕು.

"ಹಾಗಾದ್ರೆ ಸ್ಟೂಲ್ ಬಂತಾ ಚೇಚಿ?"

"ವನ್ನು ಮೋಳೇ, ಬಂದಿದೆ. ಅದರ ಮೇಲೆ ಬ್ಲೌಸ್ ಪೀಸಿನ ಬಂಡಲ್ ಇಟ್ಟಿದ್ದಾರೆ."