ಬ್ರಿಡ್ಜ್ ಪ್ಯಾಕೇಜ್‌ನ ಪ್ರಗತಿ: ಡೀಫಾಲ್ಟ್ ಸಬ್‌ನೆಟ್ ಆರಿಸುವ ಕೆಲಸ

ಕಂಟೇನರ್‌ಗಳಿಗೆ (ಒಂದೇ ಯಂತ್ರದಲ್ಲಿ ಪ್ರತ್ಯೇಕವಾಗಿ ಓಡುವ ಪರಿಸರಗಳಿಗೆ) ಖಾಸಗಿ ಬ್ರಿಡ್ಜ್ (ಅವುಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಸಾಫ್ಟ್‌ವೇರ್ ಸ್ವಿಚ್) ಸಿದ್ಧಪಡಿಸಿಕೊಡುವ ನನ್ನ ಡೆಬಿಯನ್ ಲಿನಕ್ಸ್ ಪ್ಯಾಕೇಜ್‌ನಲ್ಲಿ ಈ ವಾರ ಕೈಗೆತ್ತಿಕೊಂಡದ್ದು, ಇನ್‌ಸ್ಟಾಲ್ ಆಗುವಾಗ ಆ ಬ್ರಿಡ್ಜ್‌ಗೆ ಯಾವ ಸಬ್‌ನೆಟ್, ಅಂದರೆ ಯಾವ ಐಪಿ ವಿಳಾಸಗಳ ವ್ಯಾಪ್ತಿ, ಕೊಡಬೇಕೆಂಬ ಪ್ರಶ್ನೆಯನ್ನು. ಎಲ್ಲರಿಗೂ ಒಂದೇ ವಿಳಾಸ ಬರೆದಿಟ್ಟರೆ ಏನಾಗಬಹುದೆಂಬುದನ್ನು ವರ್ಚುವಲ್ ಮಷಿನ್‌ಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನಲ್ಲಿ ನೋಡಬಹುದು. ಅದರ ಡೀಫಾಲ್ಟ್ ನೆಟ್‌ವರ್ಕ್ 192.168.122.0/24. ಆ ನೆಟ್‌ವರ್ಕ್‌ನಿಂದಲೇ ವಿಳಾಸ ಪಡೆದ ವರ್ಚುವಲ್ ಮಷಿನ್‌ನೊಳಗೆ ಮತ್ತೆ ಲಿಬ್‌ವರ್ಟ್ ಹಾಕಿ ಅದೇ ಡೀಫಾಲ್ಟ್ ಉಳಿಸಿಕೊಂಡರೆ, ಒಳಗಿನ ಬ್ರಿಡ್ಜ್ 192.168.122.1 ಅನ್ನು ತನ್ನದಾಗಿಸಿಕೊಳ್ಳುತ್ತದೆ. ಹೊರಗಿನ ಗೇಟ್‌ವೇಯ (ಹೊರಗೆ ಹೋಗಲು ದಾರಿಯಾಗುವ ಯಂತ್ರದ) ವಿಳಾಸವೂ ಅದೇ ಆದ್ದರಿಂದ ಮಷಿನ್‌ನ ಸಂಪರ್ಕವೇ ಕಡಿದುಹೋಗುತ್ತದೆ. ಇದನ್ನು ತಪ್ಪಿಸಲೆಂದೇ ಫೆಡೋರಾ ಲಿನಕ್ಸ್‌ನ ಲಿಬ್‌ವರ್ಟ್ ಪ್ಯಾಕೇಜ್‌ನ ಇನ್‌ಸ್ಟಾಲ್ ಸ್ಕ್ರಿಪ್ಟ್ ರೂಟ್‌ಗಳನ್ನು (ಯಾವ ವಿಳಾಸಕ್ಕೆ ಯಾವ ದಾರಿ ಎಂಬ ಪಟ್ಟಿಯನ್ನು) ನೋಡಿ, 192.168.122 ಬಳಕೆಯಲ್ಲಿದ್ದರೆ 192.168.124ರಿಂದ ಮುಂದಕ್ಕೆ ಖಾಲಿ ಸಬ್‌ನೆಟ್ ಹುಡುಕುವ ಕ್ರಮವನ್ನು ಅಳವಡಿಸಿಕೊಂಡಿತು.

ನಾನೂ ಆ ದಾರಿಯನ್ನೇ ಹಿಡಿದಿದ್ದೇನೆ. ಆದರೆ ಅದೇ ಸಬ್‌ನೆಟ್ ಯಥಾವತ್ತಾಗಿ ರೂಟ್‌ಗಳ ಪಟ್ಟಿಯಲ್ಲಿದೆಯೇ ಎಂದಷ್ಟೇ ನೋಡುವುದು ನನಗೆ ಸಾಲದೆನಿಸಿತು. ಕಚೇರಿಯ ವಿಪಿಎನ್ (ದೂರದಿಂದ ಕಚೇರಿ ನೆಟ್‌ವರ್ಕ್‌ಗೆ ಸೇರಿಸುವ ಸಂಪರ್ಕ) 10.0.0.0/8 ಪೂರ್ತಿಯನ್ನು, ಅಂದರೆ 10ರಿಂದ ಶುರುವಾಗುವ ಎಲ್ಲ ವಿಳಾಸಗಳನ್ನು, ತನ್ನತ್ತ ತಿರುಗಿಸಿಕೊಂಡಿದ್ದರೆ 10.0.3.0/24 ಎಂಬುದು ಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಆದರೂ ಕರ್ನೆಲ್ ಹೆಚ್ಚು ನಿರ್ದಿಷ್ಟವಾದ ರೂಟನ್ನೇ ಆರಿಸುವುದರಿಂದ, ಆ ಸಬ್‌ನೆಟ್‌ನಲ್ಲಿ ಬ್ರಿಡ್ಜ್ ಎದ್ದೊಡನೆ ಅಲ್ಲಿನ ಕಚೇರಿ ಸರ್ವರ್‌ಗಳು ಬಳಕೆದಾರರ ಕೈಗೆ ಸಿಗದಂತಾಗುತ್ತವೆ. ಆದ್ದರಿಂದ ಈಗ ಎರಡು ವ್ಯಾಪ್ತಿಗಳು ಒಂದರ ಮೇಲೊಂದು ಬರುತ್ತವೆಯೇ ಎಂದು ಲೆಕ್ಕ ಹಾಕುತ್ತಿದ್ದೇನೆ. ಈ ಲೆಕ್ಕದಿಂದ ಡೀಫಾಲ್ಟ್ ರೂಟ್ ಆದ 0.0.0.0/0 ಅನ್ನು ಹೊರಗಿಡಲೇಬೇಕು, ಏಕೆಂದರೆ ಅದರೊಳಗೆ ಬಾರದ ವಿಳಾಸವೇ ಇಲ್ಲ. ಮುಖ್ಯ ಟೇಬಲ್ ಮಾತ್ರವಲ್ಲದೆ ಉಳಿದ ರೂಟಿಂಗ್ ಟೇಬಲ್‌ಗಳನ್ನೂ ಓದಿಸುತ್ತಿದ್ದೇನೆ.

ಇದಕ್ಕಿಂತ ಕಠಿಣವಾದದ್ದು ಆಯ್ಕೆಯ ಸಮಯ. ಪ್ಯಾಕೇಜನ್ನು ಡಿಸ್ಕ್ ಇಮೇಜ್ ತಯಾರಿಸುವಾಗಲೇ ಹಾಕಿದರೆ ಸ್ಕ್ರಿಪ್ಟ್‌ಗೆ ಕಾಣುವುದು ಬಿಲ್ಡ್ ಯಂತ್ರದ ನೆಟ್‌ವರ್ಕೇ ಹೊರತು ಆ ಇಮೇಜ್ ಮುಂದೆ ಓಡಲಿರುವ ಜಾಗದ್ದಲ್ಲ. ಹಾಗಾಗಿ ಇನ್‌ಸ್ಟಾಲ್ ವೇಳೆ ‘ಆಟೋ’ ಎಂದಷ್ಟೇ ಬರೆದು, ಸೇವೆ ಮೊದಲ ಬಾರಿ ಆರಂಭವಾದಾಗ ಸಬ್‌ನೆಟ್ ಆರಿಸಿ, ರೀಬೂಟ್ ನಂತರವೂ ಅದೇ ಉಳಿಯುವಂತೆ ದಾಖಲಿಸುತ್ತೇನೆ. ಮುಂದೆಂದಾದರೂ ಘರ್ಷಣೆ ಕಂಡುಬಂದರೆ ಸದ್ದಿಲ್ಲದೆ ವಿಳಾಸ ಬದಲಿಸುವುದು ಸರಿಯಲ್ಲ. ಬ್ರಿಡ್ಜ್ ಏಳಿಸದೆ, ಕಾರಣವನ್ನು ಲಾಗ್‌ನಲ್ಲಿ ಸ್ಪಷ್ಟವಾಗಿ ಹೇಳುವುದೇ ಬಳಕೆದಾರರಿಗೆ ಸಲ್ಲುವ ಗೌರವ.

ಸಬ್‌ನೆಟ್ ಕುರಿತ ಡೆಬ್‌ಕಾನ್ಫ್ (ಇನ್‌ಸ್ಟಾಲ್ ವೇಳೆ ಪ್ರಶ್ನೆ ಕೇಳುವ ಡೆಬಿಯನ್ ವ್ಯವಸ್ಥೆ) ಪ್ರಶ್ನೆಯನ್ನು ‘ಲೋ’ ಆದ್ಯತೆಗೆ ಇಳಿಸಿದ್ದೇನೆ. ಅಡ್ಮಿನ್ ತಾವೇ ಬರೆದ ಮೌಲ್ಯವನ್ನು ಅಪ್‌ಗ್ರೇಡ್ ಮುಟ್ಟುವುದಿಲ್ಲ. ಡೆಬಿಯನ್ ನೀತಿಯೂ ಅದನ್ನೇ ವಿಧಿಸುತ್ತದೆ. ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಮತ್ತು ವಿಳಾಸ ಹಂಚುವ ಡಿಎಚ್‌ಸಿಪಿ ಸೇವೆಗಳು ಬ್ರಿಡ್ಜ್ ಮೇಲೆ ಮಾತ್ರ ಉತ್ತರಿಸುತ್ತವೆ. ಐಪಿವಿ6ಗೆ 2005ರ ಆರ್‌ಎಫ್‌ಸಿ 4193 (ಖಾಸಗಿ ಐಪಿವಿ6 ವಿಳಾಸಗಳ ಮಾನದಂಡ) ಹೇಳುವಂತೆ 40 ಬಿಟ್‌ಗಳ ಯಾದೃಚ್ಛಿಕ ಗುರುತನ್ನು ಪ್ರತಿ ಯಂತ್ರದಲ್ಲೂ ಹೊಸದಾಗಿ ಸೃಷ್ಟಿಸುತ್ತೇನೆ. ಬ್ರಿಡ್ಜ್ ಎದ್ದ ಮೇಲೆ ವಿಪಿಎನ್ ಸೇರಿಕೊಂಡರೆ ಅದನ್ನು ಗಮನಿಸಿ ಎಚ್ಚರಿಸುವ ಭಾಗವನ್ನು ಮುಂದಿನ ವಾರ ಬರೆಯಬೇಕಿದೆ.